ಅವರ ಮುನ್ನೂರು, ನನ್ನ ನಲವತ್ತೊಂದು

ನಾನು ನಿವೃತ್ತಳಾಗಲು ಇನ್ನೆರಡು ತಿಂಗಳಿತ್ತು. ಒಂದು ಮಧ್ಯಾಹ್ನ ನಮ್ಮ ಕಚೇರಿಯ ಸಿಬ್ಬಂದಿ ಶಾಖೆಯ ಹುಡುಗಿ ನನ್ನ ಸೇವಾ ಪುಸ್ತಕವನ್ನು ಎರಡು ಕೈಯಲ್ಲಿ ಹಿಡಿದು ಬಂದು ಮೇಜಿನ ಮೇಲಿಟ್ಟಳು. "ಮೇಡಂ, ನಿಮ್ಮ ಇ.ಎಲ್. ಲೆಕ್ಕ ಎರಡು ಸಲ ಹಾಕಿದೆ. ಬರೀ ನಲವತ್ತೊಂದು ದಿನ ಬರ್ತಿದೆ. ಎಲ್ಲೋ ತಪ್ಪಿರಬೇಕು, ನೀವೇ ಒಂದ್ಸಲ ನೋಡಿಬಿಡಿ" ಎಂದಳು. ಅವಳ ಮುಖದಲ್ಲಿ ನನಗಿಂತ ಹೆಚ್ಚು ಸಂಕೋಚ. ನೋಡಿದೆ. ತಪ್ಪೇನೂ ಇರಲಿಲ್ಲ.

ಅದಕ್ಕೆ ಮೂರು ವರ್ಷ ಮುಂಚೆ, 2019ರಲ್ಲಿ, ನಮ್ಮವರು ಇನ್ನೊಂದು ಇಲಾಖೆಯಿಂದ ನಿವೃತ್ತರಾಗಿದ್ದರು. ಅವರದು ಮುನ್ನೂರು ದಿನ ಭರ್ತಿ. ಆ ಹಣ ಬಂದಾಗ ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಮಾಡಿದ್ದೆವು ಎಂದರೆ, ನಾನು ಮಾಡಿದ್ದೆ. ಹಣ ಹೋಗಿದ್ದು ಮನೆಯ ಮೇಲಿನ ಮಹಡಿಗೆ. ಇಬ್ಬರೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಕೆಲಸಕ್ಕೆ ಸೇರಿದವರು, ಕೊನೆಯ ಸಂಬಳವೂ ಹೆಚ್ಚು ಕಡಿಮೆ ಒಂದೇ. ಅವರಿಗೆ ಹತ್ತು ತಿಂಗಳ ಸಂಬಳ ಒಟ್ಟಿಗೆ ಬಂತು. ನನಗೆ ಒಂದೂವರೆ ತಿಂಗಳದೂ ಬರಲಿಲ್ಲ.

ಸರ್ಕಾರಿ ನೌಕರಿಯ ಗಂಧವಿಲ್ಲದ ಓದುಗರಿಗೆ ಇದೇನು ಲೆಕ್ಕ ಎಂದು ಹೇಳಿಬಿಡುತ್ತೇನೆ. ನಮ್ಮ ರಾಜ್ಯದ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ. ಜನವರಿ ಒಂದಕ್ಕೆ ಹದಿನೈದು, ಜುಲೈ ಒಂದಕ್ಕೆ ಹದಿನೈದು ಖಾತೆಗೆ ಬೀಳುತ್ತದೆ. ಬಳಸದಿದ್ದರೆ ಬೆಳೆಯುತ್ತ ಹೋಗುತ್ತದೆ. ನಿವೃತ್ತಿಯ ದಿನ ಉಳಿದದ್ದಕ್ಕೆ, ಗರಿಷ್ಠ 300 ದಿನಕ್ಕೆ, ಕೊನೆಯ ಸಂಬಳದ ದರದಲ್ಲಿ ಹಣ ಕೊಡುತ್ತಾರೆ. ಕೇಂದ್ರ ಸರ್ಕಾರದಲ್ಲೂ ಮಿತಿ 300ರದೇ. ಐದನೆಯ ವೇತನ ಆಯೋಗದ ನಂತರ, 1997ರ ಜುಲೈಯಲ್ಲಿ, 240 ಇದ್ದದ್ದನ್ನು ಏರಿಸಿದರು. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ ಅರವತ್ತು ಸಾವಿರ ಎಂದಿಟ್ಟುಕೊಂಡರೆ ಮುನ್ನೂರು ದಿನಕ್ಕೆ ಆರು ಲಕ್ಷ. ಅದಕ್ಕೆ ಸರ್ಕಾರಿ ನೌಕರರು ಒಂದು ಪೈಸೆ ಆದಾಯ ತೆರಿಗೆ ಕಟ್ಟಬೇಕಿಲ್ಲ. ಖಾಸಗಿಯವರಿಗೆ ಮಾತ್ರ 2002ರಲ್ಲಿ ಗೊತ್ತುಮಾಡಿದ ಮೂರು ಲಕ್ಷದ ವಿನಾಯಿತಿ ಮಿತಿ ಇಪ್ಪತ್ತೊಂದು ವರ್ಷ ಹಾಗೇ ಇದ್ದು, 2023ರಲ್ಲಿ ಇಪ್ಪತ್ತೈದು ಲಕ್ಷವಾಯಿತು.

ಈ ಮುನ್ನೂರನ್ನು ಇಳಿಸಬೇಕು ಎಂಬುದು ನನ್ನ ವಾದ. ಮೂವತ್ತನಾಲ್ಕು ವರ್ಷ ಸರ್ಕಾರದ ಅನ್ನ ತಿಂದವಳು ಹೀಗೆ ಹೇಳಬಹುದೇ ಎಂದು ಸಂಘದ ಅಣ್ಣಂದಿರು ಕೇಳುತ್ತಾರೆ, ಗೊತ್ತು. ನನಗೆ ಸಿಗಲಿಲ್ಲವೆಂಬ ಹೊಟ್ಟೆಕಿಚ್ಚು ಎಂದೂ ಅನ್ನುತ್ತಾರೆ. ಸ್ವಲ್ಪ ಹೊಟ್ಟೆಕಿಚ್ಚು ಇದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಸೇವಾ ಪುಸ್ತಕದ ರಜೆ ಪುಟಗಳನ್ನು ನೀವೂ ನನ್ನ ಜೊತೆ ಕೂತು ನೋಡಿ, ಆಮೇಲೆ ಹೇಳಿ.

ಸೇವಾ ಪುಸ್ತಕದಲ್ಲಿ ರಜೆಯ ಕಾರಣ ಬರೆಯುವುದಿಲ್ಲ. ಎಂದಿನಿಂದ ಎಂದಿನವರೆಗೆ, ಎಷ್ಟು ದಿನ, ಉಳಿಕೆ ಎಷ್ಟು, ಸಾಹೇಬರ ಸಹಿ, ಅಷ್ಟೇ. ಕಾರಣ ನನಗೆ ಗೊತ್ತಲ್ಲ. 1994, ಹದಿನಾರು ದಿನ: ದೊಡ್ಡವನಿಗೆ ದಡಾರ ಎದ್ದು, ಅವನು ಏಳುವಷ್ಟರಲ್ಲಿ ಚಿಕ್ಕವಳಿಗೂ ಅಂಟಿಕೊಂಡಿದ್ದು. 1998, ಮೊದಲು ಅರವತ್ತು ದಿನ, ಮತ್ತೆ ಮುಂದುವರಿಸಿ ಮೂವತ್ತು: ನಮ್ಮತ್ತೆ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದು. 2001, ಹದಿನೆಂಟು ದಿನ: ಮಗನಿಗೆ ಟೈಫಾಯಿಡ್. 2005, ಹನ್ನೆರಡು ದಿನ: ಮಾವನವರ ಕಣ್ಣಿನ ಪೊರೆ. 2006, ಇಪ್ಪತ್ತು ದಿನ: ಮಗನ ಎಸ್ಸೆಸ್ಸೆಲ್ಸಿ. (ಅವನು ಓದಿದ್ದು ಕಮ್ಮಿ, ನಾನು ಕಾವಲು ಕೂತಿದ್ದು ಹೆಚ್ಚು. ಆ ಇಪ್ಪತ್ತು ದಿನ ಈಗ ಸಿಕ್ಕರೆ ವಾಪಸ್ಸು ಕಟ್ಟಿಬಿಡುತ್ತೇನೆ.) 2008, ನಾಲ್ಕು ತಿಂಗಳು: ನಮ್ಮತ್ತೆಯ ಕಡೆಗಾಲ. 2016, ಅರವತ್ತು ದಿನ: ಮಗಳ ಬಾಣಂತನ. ನಡುನಡುವೆ ಐದು ದಿನ, ಏಳು ದಿನದ ಸಣ್ಣ ಪುಟ್ಟವು ಲೆಕ್ಕವಿಲ್ಲ: ನಾದಿನಿಯ ಮದುವೆ, ಮಾವನವರ ವೈಕುಂಠ, ಬೋರಲು ಬಿದ್ದ ಗ್ಯಾಸ್ ಸ್ಟೌವಿನಿಂದ ಕಾಲು ಸುಟ್ಟುಕೊಂಡ ಮಗಳು.

ನನ್ನ ಕಾಯಿಲೆಗೆಂದು ಹಾಕಿದ ಗಳಿಕೆ ರಜೆ ಹುಡುಕಿದೆ. ಒಂದೇ ಸಲ, ಒಂಬತ್ತು ದಿನ.

ಇದೇ ತಾರೀಖುಗಳಿಗೆ ನಮ್ಮವರ ಪುಸ್ತಕದಲ್ಲಿ ಏನಿದೆ? ಏನೂ ಇಲ್ಲ. 1998ರಲ್ಲಿ ತೊಡೆ ಮುರಿದುಕೊಂಡ ಮುದುಕಿ ಅವರ ತಾಯಿ. ಹೆತ್ತ ತಾಯಿ. ರಜೆ ಖರ್ಚಾದದ್ದು ನನ್ನ ಖಾತೆಯಿಂದ. ಅವರು ಆಸ್ಪತ್ರೆಗೆ ಬರಲಿಲ್ಲವೆಂದಲ್ಲ. ದಿನವೂ ಬರುತ್ತಿದ್ದರು, ಆರು ಗಂಟೆಯ ಮೇಲೆ, ಕೈಯಲ್ಲಿ ಕಾಫಿಯ ಫ್ಲಾಸ್ಕ್ ಹಿಡಿದು. ವಾರ್ಡಿನಲ್ಲಿದ್ದ ಹೆಂಗಸರೆಲ್ಲ "ಎಂಥ ಮಗ ನೋಡಿ" ಅನ್ನುತ್ತಿದ್ದರು. ಮಧ್ಯಾಹ್ನ ಮನೆಗೆ ಓಡಿ ಆ ಕಾಫಿ ಡಿಕಾಕ್ಷನ್ ಇಳಿಸಿಟ್ಟು ಬಂದವಳು ಸೊಸೆ.

ನನ್ನ ನಲವತ್ತೊಂದರ ಕಥೆ ಮನೆಯಲ್ಲಿ ಹೇಳಿದ ದಿನ ನಮ್ಮವರು ಪೇಪರಿನಿಂದ ತಲೆ ಎತ್ತಿ, "ನಿನಗೆ ಯಾರು ಅಷ್ಟೊಂದು ರಜೆ ಹಾಕು ಅಂದ್ರು?" ಎಂದರು. ಒಳ್ಳೆಯ ಮನುಷ್ಯ, ಕೆಟ್ಟದ್ದು ಯೋಚಿಸಿ ಆಡಿದ ಮಾತಲ್ಲ. ನಿಜಕ್ಕೂ ಯಾರೂ ಹಾಕು ಎಂದಿರಲಿಲ್ಲ. "ಏನ್ರೀ, ನೀವು ಹಾಕ್ತೀರಾ, ನಾನು ಹಾಕ್ಲಾ" ಎಂದು ನಾವಿಬ್ಬರೂ ಒಂದು ದಿನವೂ ಕೂತು ಮಾತಾಡಿರಲಿಲ್ಲ. ಹಾಕುವವಳು ಯಾರೆಂದು ಮಾತಿಲ್ಲದೆಯೇ ಗೊತ್ತಿತ್ತು. ಅವರ ಮುನ್ನೂರು ದಿನ ಕೂಡಿಬಂದದ್ದು ಹೀಗೆ. ಹೆಂಡತಿ ಮನೆಯಲ್ಲೇ ಇರುವ ನೌಕರನಿಗೂ ಕೂಡುವುದು ಹೀಗೆಯೇ; ಅವಳಿಗೆ ಖಾತೆಯೂ ಇಲ್ಲ, ನಲವತ್ತೊಂದೂ ಇಲ್ಲ.

ಹೆಂಗಸರಿಗೆ ಬೇರೆ ರಜೆ ಇದೆಯಲ್ಲ ಎನ್ನುತ್ತಾರೆ. ಇದೆ, ಈಗ. ಕೇಂದ್ರದ ನೌಕರಿಯಲ್ಲಿ 730 ದಿನಗಳ ಶಿಶುಪಾಲನಾ ರಜೆ 2008ರಲ್ಲೇ ಬಂತು. ನಮ್ಮ ರಾಜ್ಯದಲ್ಲಿ ಬಂದದ್ದು 2021ರಲ್ಲಿ, ಅದೂ ಆರು ತಿಂಗಳಿನದು. ಆಗ ನನ್ನ ನಿವೃತ್ತಿಗೆ ಒಂದೇ ವರ್ಷ, ನನ್ನ ಮಗಳ ಮಗು ಶಾಲೆಯ ಬಾಗಿಲಿಗೆ ಬಂದಿತ್ತು. ನಮ್ಮ ಕಾಲದ ಹೆಂಗಸರು ಹೆರಿಗೆ ರಜೆ ಮುಗಿಯುತ್ತಲೇ ಗಳಿಕೆ ರಜೆ ಜೋಡಿಸಿಯೇ ಮಗುವಿನ ಕತ್ತು ನಿಲ್ಲುವುದನ್ನು ನೋಡಿದವರು. ಅತ್ತೆ ಮಾವನ ಹಾಸಿಗೆಯ ಆರೈಕೆಗೆ ಇಂದಿಗೂ ಪ್ರತ್ಯೇಕ ರಜೆ ಎಂಬುದಿಲ್ಲ.

ಈ ಹಣ ಎಲ್ಲಿಂದ ಹುಟ್ಟಿತು ಎಂದು ನೋಡಿದರೆ ಇನ್ನೂ ವಿಚಿತ್ರ. ಹಳೆಯ ನಿಯಮದ ಪ್ರಕಾರ ನಿವೃತ್ತಿಯ ದಿನ ಉಳಿದ ರಜೆ ಸತ್ತುಹೋಗುತ್ತಿತ್ತು. ನೌಕರ ಮೊದಲೇ ಅರ್ಜಿ ಹಾಕಿ, ಸಾರ್ವಜನಿಕ ಕೆಲಸದ ದೃಷ್ಟಿಯಿಂದ ಸರ್ಕಾರ ಆ ರಜೆ ನಿರಾಕರಿಸಿದ್ದರೆ ಮಾತ್ರ ಆ ದಿನಗಳು ಅವನಿಗೆ ಉಳಿಯುತ್ತಿದ್ದವು. ನ್ಯಾಯವಾದ ಮಾತು: ಕೇಳಿದ್ದನ್ನು ಕೊಡದವರು ಬೆಲೆ ಕಟ್ಟಿಕೊಡಬೇಕು. ಆಮೇಲೆ ಕೇಳಿದ್ದು, ಕೇಳದ್ದು ಎಂಬ ಭೇದ ಹೋಯಿತು. ಈಗ ರಜೆಯನ್ನೇ ಕೇಳದವನಿಗೆ ಬಹುಮಾನ. ಕೇಳುವ ಅಗತ್ಯ ಅವನಿಗೇಕೆ ಬೀಳಲಿಲ್ಲ ಎಂದು ಯಾರೂ ವಿಚಾರಿಸುವುದಿಲ್ಲ.

ಕೊನೆಯ ಸಂಬಳದ ದರವಂತೂ ಇನ್ನೊಂದು ತಮಾಷೆ. ನಾನು 1988ರಲ್ಲಿ ಸೇರಿದಾಗ ಸಂಬಳ ಸಾವಿರದ ಚಿಲ್ಲರೆ, ದಿನಕ್ಕೆ ನಲವತ್ತು ರೂಪಾಯಿಯ ಬಾಬತ್ತು. ಆಗ ಉಳಿಸಿದ ಒಂದು ದಿನಕ್ಕೆ ಈಗ ಎರಡು ಸಾವಿರ. ಗುಮಾಸ್ತನಾಗಿ ಗಳಿಸಿದ ದಿನಕ್ಕೆ ಸೂಪರಿಂಟೆಂಡೆಂಟನ ಸಂಬಳ! ಬೆಲೆ ಏರಿಲ್ಲವೇ ಎಂದು ನಮ್ಮವರು ಕೇಳಿದರು. ಏರಿದೆ, ಅದಕ್ಕೇ ಪ್ರಾವಿಡೆಂಟ್ ಫಂಡಿನ ಬಡ್ಡಿ ಸೇರಿಸಿ ನಾನೇ ಲೆಕ್ಕ ಹಾಕಿ ತೋರಿಸಿದೆ. ಆ ನಲವತ್ತು ರೂಪಾಯಿ ಏಳುನೂರು ಎಂಟುನೂರರ ಆಸುಪಾಸಿಗೆ ಬರುತ್ತದೆ, ಎರಡು ಸಾವಿರಕ್ಕಲ್ಲ. ಎಲ್ಲವೂ ಕೊನೆಯ ಸಂಬಳದ ಮೇಲೆ ನಿಂತಿರುವುದರಿಂದ ಒಂದು ತಾರೀಖು ಆಚೀಚೆಯಾದರೆ ನಷ್ಟವೂ ಹಾಗೇ ದೊಡ್ಡದು. ರಾಜ್ಯದ ಏಳನೆಯ ವೇತನ ಆಯೋಗದ ಹೊಸ ಸಂಬಳ 2022ರ ಜುಲೈ 1ರಿಂದ ಕಾಗದದ ಮೇಲೆ, 2024ರ ಆಗಸ್ಟ್ 1ರಿಂದ ಕೈಗೆ ಎಂದಾಯಿತು. ಆ ನಡುವೆ ನಿವೃತ್ತರಾದವರಿಗೆ ಗ್ರಾಚ್ಯುಟಿ, ರಜೆ ಹಣ ಹಳೆಯ ಸಂಬಳದ ಲೆಕ್ಕದಲ್ಲೇ ಬಂತು. ಪಾಪ, ಆ ವಯಸ್ಸಿನಲ್ಲಿ ಬೀದಿಗಿಳಿದು ಕೂಗಬೇಕಾಯಿತು.

ವರ್ಷ ವರ್ಷ ಹದಿನೈದು ದಿನ ಒಪ್ಪಿಸಿ ಹಣ ಪಡೆಯುವ ಪದ್ಧತಿಯೂ ನಮ್ಮಲ್ಲಿದೆ. ಅದರ ಮೇಲೆ ನನ್ನ ಜಗಳವಿಲ್ಲ. ನಾನೂ ಆಗಾಗ ತೆಗೆದುಕೊಂಡವಳೇ, ಮಗನ ಕಾಲೇಜು ಫೀಸಿಗೆ ಅದೇ ಆಯಿತು. ಆ ವರ್ಷದ ದಿನಕ್ಕೆ ಆ ವರ್ಷದ ಸಂಬಳ, ಅದರಲ್ಲಿ ಮೋಸವಿಲ್ಲ. ಬೊಕ್ಕಸಕ್ಕೆ ಕಷ್ಟ ಬಂದಾಗ ಮೊದಲು ಕತ್ತರಿ ಬಿದ್ದದ್ದು ಮಾತ್ರ ಇದಕ್ಕೇ. ಕೊರೊನಾ ಬಂದ 2020ರಲ್ಲಿ ರಾಜ್ಯ ಸರ್ಕಾರ ಈ ವಾರ್ಷಿಕ ಹಣ ನಿಲ್ಲಿಸಿತು. ಚಿಕ್ಕ ನೌಕರರ ಫೀಸಿನ ದುಡ್ಡು ನಿಂತಿತು, ಮುನ್ನೂರಕ್ಕೆ ಏನೂ ಆಗಲಿಲ್ಲ.

ನನ್ನ ತಮ್ಮನ ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಅವನ ಹತ್ತಿರ ಈ ವಿಷಯ ಎತ್ತಿದಾಗ ನಗುತ್ತ ಹೇಳಿದ: "ಅತ್ತೆ, ಇಲ್ಲೂ ಇದೇ ಗಲಾಟೆ." ಅಲ್ಲಿ ಸರ್ಕಾರಿ ನೌಕರರು ಬಳಸದ ಕಾಯಿಲೆ ರಜೆಗೆ ನಿವೃತ್ತಿಯಲ್ಲಿ ಪಡೆಯುವ ದೊಡ್ಡ ಮೊತ್ತಕ್ಕೆ ಜನ ಇಟ್ಟಿರುವ ಅಡ್ಡಹೆಸರು 'ದೋಣಿ ಚೆಕ್ಕು', ಆ ಹಣದಲ್ಲಿ ವಿಹಾರದ ದೋಣಿ ಕೊಳ್ಳುತ್ತಾರೆಂದು. ಸ್ಥಳೀಯ ಸಂಸ್ಥೆ, ಶಾಲೆಗಳಿಗೆ ಹೊಸದಾಗಿ ಸೇರುವವರಿಗೆ 2010ರ ಕಾನೂನು ಅದನ್ನು 15,000 ಡಾಲರಿಗೆ ನಿಲ್ಲಿಸಿತು. ನಮ್ಮೂರಿನಲ್ಲಿ ದೋಣಿ ತೇಲಿಸುವಷ್ಟು ನೀರು ಕೆರೆಯಲ್ಲೂ ಇಲ್ಲ. ನಮ್ಮದನ್ನು 'ಮಹಡಿ ಚೆಕ್ಕು' ಎನ್ನಬೇಕು. ನಮ್ಮ ಬಡಾವಣೆಯಲ್ಲಿ ಸಂಜೆ ವಾಕಿಂಗ್ ಹೋದರೆ ಯಾವ ಮಹಡಿ ಯಾವ ಇಲಾಖೆಯ ಇ.ಎಲ್. ಎಂದು ಬೆರಳಿಟ್ಟು ತೋರಿಸಬಲ್ಲೆ. ಬಾಡಿಗೆ ಕರಾರು ಯಾರ ಹೆಸರಿನಲ್ಲಿ ಎಂದೂ ಹೇಳಬಲ್ಲೆ.

ರಜೆ ಹಾಕದವನು ಶ್ರದ್ಧೆಯ ನೌಕರ ಎಂಬ ಮಾತಿದೆ. ಇರಬಹುದು, ಅಂಥವರನ್ನೂ ಕಂಡಿದ್ದೇನೆ. ಆದರೆ ನಾನು ಕೆಲಸ ಮಾಡಿದ ಕಚೇರಿಯೊಂದರಲ್ಲಿ ಹನ್ನೊಂದು ವರ್ಷ ಒಂದು ದಿನವೂ ಇ.ಎಲ್. ಹಾಕದ ಒಬ್ಬರಿದ್ದರು. ಬೀರುವಿನ ಬೀಗದ ಕೈ ಸದಾ ಅವರ ಜೇಬಿನಲ್ಲಿ. ಅವರಿಗೆ ಅಪೆಂಡಿಸೈಟಿಸ್ ಆಗಿ ಹದಿನೈದು ದಿನ ಮಲಗಿದಾಗ ಆ ಬೀರು ತೆರೆಯಬೇಕಾಯಿತು. ಎರಡು ಮೂರು ವರ್ಷದ ಅರ್ಜಿಗಳು ಕಟ್ಟುಕಟ್ಟಾಗಿ ಕೂತಿದ್ದವು. ಅದರಲ್ಲಿ ವಿಧವಾ ವೇತನದ ಅರ್ಜಿಗಳೂ ಇದ್ದವು. ಬ್ಯಾಂಕಿನವರು ಇದನ್ನು ಎಂದೋ ತಿಳಿದುಕೊಂಡಿದ್ದಾರೆ. ಸೂಕ್ಷ್ಮ ಹುದ್ದೆಗಳಲ್ಲಿರುವವರನ್ನು ವರ್ಷಕ್ಕೊಮ್ಮೆ, ಮುಂಚೆ ಹೇಳದೆ, ಒಟ್ಟಿಗೆ ಕನಿಷ್ಠ ಹತ್ತು ಕೆಲಸದ ದಿನ ರಜೆಯ ಮೇಲೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕ್ 2021ರ ಜುಲೈಯಲ್ಲಿ ಮತ್ತೆ ಕಟ್ಟುನಿಟ್ಟಾಗಿ ಹೇಳಿತು. ಮನುಷ್ಯ ಕುರ್ಚಿ ಬಿಟ್ಟು ಎದ್ದಾಗಲೇ ಕುರ್ಚಿಯ ಕೆಳಗೇನಿದೆ ಎಂದು ಕಾಣುವುದು. ಸರ್ಕಾರ ಮಾಡುವುದು ಇದಕ್ಕೆ ತದ್ವಿರುದ್ಧ: ಏಳದಿದ್ದರೆ ಆರು ಲಕ್ಷ.

ಈಗ ಎದುರು ವಾದಗಳಿಗೆ ಬರುತ್ತೇನೆ. ಕೆಲವು ನಿಜಕ್ಕೂ ಗಟ್ಟಿಯಾಗಿವೆ.

ಇದು ನಮ್ಮ ಆಸ್ತಿ, ಕಿತ್ತುಕೊಳ್ಳಲಾಗದು ಎನ್ನುತ್ತಾರೆ. ಒಪ್ಪಿದೆ. ಜಾರ್ಖಂಡದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ, ನಿಯಮದ ಬಲವಿಲ್ಲದೆ ಪಿಂಚಣಿ, ಗ್ರಾಚ್ಯುಟಿ, ರಜೆ ಹಣ ತಡೆಹಿಡಿಯುವಂತಿಲ್ಲ ಎಂದಿದೆ. ಆದ್ದರಿಂದ ಇಂದಿನವರೆಗೆ ಗಳಿಸಿದ್ದನ್ನು ಮುಟ್ಟಬೇಡಿ. ಮುಂದೆ ಗಳಿಸುವುದಕ್ಕೆ ನಿಯಮ ಬದಲಿಸಿ.

ಕೇಳಿದರೂ ರಜೆ ಕೊಡುವುದಿಲ್ಲ ಎನ್ನುವವರಿದ್ದಾರೆ. ಅವರ ಮುಂದೆ ನನ್ನ ಬಾಯಿ ಕಟ್ಟುತ್ತದೆ. ಪೊಲೀಸ್ ಪೇದೆಯ ಹೆಂಡತಿಯೊಬ್ಬಳು ನಮ್ಮ ಪಕ್ಕದ ಮನೆಯಲ್ಲಿದ್ದಳು. ಅವಳ ಎರಡೂ ಹೆರಿಗೆಗೆ ಗಂಡ ಬಂದೋಬಸ್ತಿನಲ್ಲಿದ್ದ. ರಜೆ ಹಕ್ಕಲ್ಲ ಎಂದು ನಿಯಮದಲ್ಲೇ ಬರೆದಿದ್ದಾರೆ, ಖಾಲಿ ಹುದ್ದೆ ತುಂಬುವುದಿಲ್ಲ, ಇದ್ದವರ ಮೇಲೇ ಹೇರುತ್ತಾರೆ. ಇಂಥವರಿಗೆ ಮಿತಿ ಬೇಡವೇ ಬೇಡ. ಅರ್ಜಿ ಹಾಕಿ ನಿರಾಕರಣೆಯ ಕಾಗದ ಇದ್ದರೆ ಪ್ರತಿ ದಿನಕ್ಕೂ ಕೊಡಲಿ, ಮುನ್ನೂರಲ್ಲ, ಆರುನೂರಾದರೂ ಕೊಡಲಿ. ಆಗಲಾದರೂ ನಿರಾಕರಿಸುವ ಸಾಹೇಬರ ಪೆನ್ನು ಸ್ವಲ್ಪ ತಡೆದೀತು.

ಸೇವೆಯಲ್ಲಿರುವಾಗಲೇ ತೀರಿಕೊಂಡವರ ಕುಟುಂಬಕ್ಕೆ ಬರುವ ರಜೆ ಹಣಕ್ಕೂ ಯಾರೂ ಕೈ ಹಾಕಬಾರದು. ನನ್ನ ಜೊತೆಯವರೊಬ್ಬರು ಐವತ್ತಕ್ಕೇ ಹೋದಾಗ ಆ ಹೆಣ್ಣುಮಗಳಿಗೆ ಮೊದಲು ಕೈಗೆ ಬಂದದ್ದು ಅದೇ ಹಣ. ಉಳಿದದ್ದೆಲ್ಲ ಫೈಲಿನಲ್ಲಿ ತಿರುಗುತ್ತಿತ್ತು.

2006ರ ಏಪ್ರಿಲ್ ನಂತರ ಸೇರಿದವರ ಮಾತು ಬೇರೆ. ಅವರಿಗೆ ನಮ್ಮ ಹಾಗೆ ನಿಶ್ಚಿತ ಪಿಂಚಣಿಯಿಲ್ಲ, ಎನ್.ಪಿ.ಎಸ್. ಮಾತ್ರ. "ಮೇಡಂ, ನೀವು ಪಿಂಚಣಿ ತಗೊಂಡು ಕೂತು ನಮ್ಮ ಗಂಟಿಗೆ ಕಣ್ಣು ಹಾಕ್ತೀರಲ್ಲ" ಎಂದು ಒಬ್ಬ ಹುಡುಗ ನನ್ನ ಮುಖಕ್ಕೇ ಹೇಳಿದ. ಚುಚ್ಚಿತು. ಆದರೂ ಕೇಳುತ್ತೇನೆ: ಮುಪ್ಪಿನ ಭದ್ರತೆಗೆ ಪಿಂಚಣಿಯನ್ನೇ ಕೇಳಪ್ಪ, ನಾನೂ ನಿನ್ನ ಜೊತೆ ಬಂದು ಕೂಗುತ್ತೇನೆ. ಹೆಂಡತಿಯ ರಜೆಯಿಂದ ಯಾಕೆ ಅದನ್ನು ಕಟ್ಟಿಕೊಳ್ಳುತ್ತೀ? ನಿನ್ನ ಜೊತೆಯೇ ಸೇರಿದ ಹುಡುಗಿಗೂ ನಿಶ್ಚಿತ ಪಿಂಚಣಿಯಿಲ್ಲ. ಅವಳ ಖಾತೆಯಲ್ಲಿ ಮುನ್ನೂರು ಕೂಡುತ್ತದೆಯೇ, ಹೋಗಿ ನೋಡು.

ಈ ಜಗಳದ ಹೊರಗೇ ನಿಂತವರನ್ನೂ ಮರೆಯುವಂತಿಲ್ಲ. ಅಂಗನವಾಡಿಯ ಟೀಚರಮ್ಮನಿಗೆ ಸಿಗುವುದು ಸಂಬಳವಲ್ಲ, 'ಗೌರವಧನ'. ಅವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕಿಗೆ ಬೇಸಿಗೆ ರಜೆ ಬಂತೆಂದರೆ ಸಂಬಳವೇ ನಿಂತಂತೆ. ಅವರ ಮುಂದೆ ಮುನ್ನೂರು, ನಲವತ್ತೊಂದು ಎಂದು ಎಣಿಸಲು ನನಗೇ ನಾಚಿಕೆ.

ನಾನು ಕೇಳುವುದು ಇಷ್ಟು. ಇನ್ನು ಮುಂದೆ ಗಳಿಸುವ ರಜೆಗೆ ನಿವೃತ್ತಿಯಲ್ಲಿ ನೂರಿಪ್ಪತ್ತು ದಿನದ ಮಿತಿ ಇಡಿ, ನಾಲ್ಕು ವರ್ಷದ ರಜೆಯಷ್ಟು. ಗಳಿಸಿದ ವರ್ಷದ ಸಂಬಳಕ್ಕೆ ಬಡ್ಡಿ ಸೇರಿಸಿ ಕೊಡಿ. ವರ್ಷಕ್ಕೆ ಹತ್ತು ದಿನ ಕಡ್ಡಾಯವಾಗಿ ಮನೆಗೆ ಕಳಿಸಿ. ಅಡುಗೆಮನೆ ಯಾವ ದಿಕ್ಕಿಗಿದೆ ಎಂದಾದರೂ ಗೊತ್ತಾಗಲಿ. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರರಾಗಿದ್ದರೆ, ಮಕ್ಕಳ, ಹಿರಿಯರ ಆರೈಕೆಗೆ ಹಾಕಿದ ರಜೆ ಇಬ್ಬರ ಖಾತೆಯಿಂದಲೂ ಅರ್ಧರ್ಧ ಕಳೆಯಲಿ, ಯಾರೇ ಹಾಕಿರಲಿ. ಇದು ಕೊನೆಯದು ಕೇಳಿ ನಮ್ಮ ಸಂಘದ ಮಾಜಿ ಪದಾಧಿಕಾರಿಯೊಬ್ಬರು "ಹಾಗಾದ್ರೆ ಮನೆ ಮನೆಯಲ್ಲೂ ಜಗಳ ಆಗತ್ತೆ ತಾಯಿ" ಎಂದರು. ಆಗಲಿ ಎಂದೆ. ಆಗದೇ ಇದ್ದದ್ದರಿಂದಲೇ ನನ್ನ ಲೆಕ್ಕ ನಲವತ್ತೊಂದಕ್ಕೆ ಬಂದದ್ದು.

ಕೇಂದ್ರದ ಎಂಟನೆಯ ವೇತನ ಆಯೋಗ 2025ರ ನವೆಂಬರಿನಲ್ಲಿ ರಚನೆಯಾಯಿತು. ಅಧ್ಯಕ್ಷರು ಹೆಂಗಸು, ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ. ಕೇಂದ್ರ ಮಾಡಿದ್ದನ್ನು ರಾಜ್ಯಗಳು ಇಂದಲ್ಲ ನಾಳೆ ನೋಡಿಯೇ ನೋಡುತ್ತವೆ. ಸಂಘಗಳು ಕಳಿಸುವ ಬೇಡಿಕೆ ಪಟ್ಟಿಯಲ್ಲಿ ಮುನ್ನೂರನ್ನು ಏರಿಸಿ ಎಂದಿರುತ್ತದೆಯೇ ಹೊರತು ಇಳಿಸಿ ಎಂದಿರುವುದಿಲ್ಲ. ಆ ಪಟ್ಟಿ ಬರೆಯುವ ಸಭೆಗಳಿಗೆ ಹೆಂಗಸರು ಹೋಗುವುದಿಲ್ಲ; ಅವು ಭಾನುವಾರ ನಡೆಯುತ್ತವೆ, ಭಾನುವಾರ ಮನೆಯಲ್ಲಿ ಕೆಲಸ ಹೆಚ್ಚು.

ನಾನು ಒಂದು ಪತ್ರ ಬರೆದೆ, ಎರಡು ಪುಟ. ಟೈಪು ಮಾಡಿಸಿ ತಂದು ಊಟದ ಮೇಜಿನ ಮೇಲಿಟ್ಟಿದ್ದೆ. ನಮ್ಮವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಒಂದು ಕಡೆ ತಾರೀಖು ತಪ್ಪಿತ್ತು, ತಿದ್ದಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೂರಿಪ್ಪತ್ತು ತೀರಾ ಕಮ್ಮಿ ಆಯ್ತು ಕಣೇ, ನೂರೈವತ್ತು ಮಾಡು" ಎಂದರು.

ಮಾಡಲಿಲ್ಲ. ನೂರಿಪ್ಪತ್ತೆಂದೇ ಕಳಿಸಿದೆ.